ನೋಡಿ ಮೆಚ್ಚಿದ ಪಾಠ ಪರೀಕ್ಷೆಯಲ್ಲಿ ಏಕೆ ಕೈಕೊಟ್ಟಿತು? ವರ್ಚುಯಲ್ ಮೆಮೊರಿಯ ದೃಶ್ಯಪಾಠ ಕಟ್ಟುವ ಬಗೆ

ಪ್ರಶ್ನೆ: ನಾನು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಆರು ವರ್ಷಗಳಿಂದ ಆಪರೇಟಿಂಗ್ ಸಿಸ್ಟಮ್ಸ್ ಕಲಿಸುತ್ತಿದ್ದೇನೆ. ಪ್ರೋಗ್ರಾಮ್ ಬಳಸುವ ವಿಳಾಸವನ್ನು ರ‍್ಯಾಮ್‌ನ ನಿಜವಾದ ವಿಳಾಸಕ್ಕೆ ಹೊಂದಿಸುವ ವರ್ಚುಯಲ್ ಮೆಮೊರಿಯ ಅಧ್ಯಾಯ ಬಂದಾಗಲೆಲ್ಲ ತರಗತಿ ಮಂಕಾಗುತ್ತದೆ. ಹಾಗಾಗಿ ಮೂರು ತಿಂಗಳು ಕುಳಿತು 12 ನಿಮಿಷದ ಅನಿಮೇಶನ್ ಒಂದನ್ನು ತಯಾರಿಸಿದೆ. ವಿಳಾಸವು ಸಿಪಿಯುನಿಂದ ಹೊರಟು, ಆ ಹೊಂದಾಣಿಕೆಯ ಕೋಷ್ಟಕವಾದ ಪೇಜ್ ಟೇಬಲ್ ಹಾದು, ರ‍್ಯಾಮ್ ತಲುಪುವುದನ್ನು ಬಣ್ಣಬಣ್ಣದ ಬಾಣಗಳಲ್ಲಿ ತೋರಿಸಿದ್ದೇನೆ. "ತುಂಬಾ ಚೆನ್ನಾಗಿದೆ ಮೇಡಂ, ಈಗ ಅರ್ಥವಾಯಿತು" ಎಂದು ವಿದ್ಯಾರ್ಥಿಗಳು ಹೇಳಿದರು. ಆದರೆ ಇಂಟರ್ನಲ್ಸ್‌ನಲ್ಲಿ ವಿಳಾಸ ಪರಿವರ್ತನೆಯ ಸರಳ ಲೆಕ್ಕ ಕೊಟ್ಟರೆ 60 ಜನರಲ್ಲಿ 20 ಮಂದಿಯೂ ಸರಿಯಾಗಿ ಬಿಡಿಸಲಿಲ್ಲ. ಈಗಿನ ಮಕ್ಕಳು ದೃಶ್ಯದಿಂದಲೇ ಕಲಿಯುವವರು, ಗೇಮ್ ಎಂಜಿನ್ ಬಳಸಿ 3ಡಿಯಲ್ಲಿ ಮಾಡಿ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಪ್ರೋಗ್ರಾಮಿಂಗ್ ನನಗೆ ಸಾಧಾರಣವಾಗಿ ಬರುತ್ತದೆ; ಎಐ ನೆರವಿನಿಂದ ಕೋಡ್ ಬರೆಸಬಹುದೇ? ನಮ್ಮಲ್ಲಿ ಅರ್ಧದಷ್ಟು ಮಕ್ಕಳು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಪಾಠ ಯಾವ ಭಾಷೆಯಲ್ಲಿರಬೇಕು? ಮೂರು ತಿಂಗಳ ಶ್ರಮ ವ್ಯರ್ಥವಾಯಿತೇ ಎಂಬ ಬೇಸರದಲ್ಲಿ ಇದನ್ನು ಬರೆಯುತ್ತಿದ್ದೇನೆ.

ಉತ್ತರ: ಅನಿಮೇಶನ್ ಇನ್ನಷ್ಟು ಸುಂದರವಾಗಬೇಕೇ ಎಂದು ನೀವು ಕೇಳಿದ್ದೀರಿ. ಅದರ ಹಿಂದಿರುವ ನಿಜವಾದ ಚಿಂತೆ ಬೇರೆ ಎಂದು ನನಗೆ ಅನ್ನಿಸುತ್ತದೆ: ಅರ್ಥವಾಯಿತು ಎಂದ ವಿದ್ಯಾರ್ಥಿಗೆ ಲೆಕ್ಕ ಏಕೆ ಬರಲಿಲ್ಲ? ವಿದ್ಯಾರ್ಥಿಗಳು ನಿಮಗೆ ಸುಳ್ಳು ಹೇಳಲಿಲ್ಲ. ಬಾಣವೊಂದು ಸರಾಗವಾಗಿ ಚಲಿಸಿ ಸರಿಯಾದ ಜಾಗಕ್ಕೆ ಬಂದು ನಿಂತಾಗ, ನೋಡುತ್ತಿರುವವರಿಗೆ ತಾವೇ ಆ ಕೆಲಸ ಮಾಡಿದಷ್ಟು ನಿರಾಳ ಭಾವ ಬರುತ್ತದೆ. ಎಲ್ಲ ನಿರ್ಧಾರಗಳನ್ನೂ ಬಾಣವೇ ತೆಗೆದುಕೊಂಡಿತೆಂಬುದು ಖಾಲಿ ಹಾಳೆಯ ಮುಂದೆ ಕುಳಿತಾಗಲಷ್ಟೇ ತಿಳಿಯುತ್ತದೆ. ಹದಿನೈದು ವರ್ಷಗಳಿಂದ ಇಂಥ ಪಾಠಗಳನ್ನು ಕಟ್ಟುತ್ತಿರುವ ನಾನೂ ಮೊದಲ ಮೂರು ಪಾಠಗಳಲ್ಲಿ ಇದೇ ತಪ್ಪನ್ನು ಮಾಡಿದ್ದೆ.

ಕಂಪ್ಯೂಟರ್ ವಿಜ್ಞಾನದ ಬೋಧನೆಯಲ್ಲಿ ಈ ಅನುಭವಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಬೇಕರ್ ಅವರು ಸಾರ್ಟಿಂಗ್ ವಿಧಾನಗಳನ್ನು ಅನಿಮೇಶನ್ ಮೂಲಕ ತೋರಿಸುವ ಅರ್ಧ ಗಂಟೆಯ ಚಿತ್ರವೊಂದನ್ನು ಸಿದ್ಧಪಡಿಸಿದರು. ಅಲ್ಲಿಂದ ಮುಂದೆ ನೂರಾರು ಅಧ್ಯಾಪಕರು ನಿಮ್ಮಂತೆಯೇ ಉತ್ಸಾಹದಿಂದ ದೃಶ್ಯಪಾಠಗಳನ್ನು ಕಟ್ಟಿದರು. 2002ರಲ್ಲಿ ಹುಂಡ್‌ಹೌಸನ್, ಡಗ್ಲಸ್ ಮತ್ತು ಸ್ಟಾಸ್ಕೊ ಎಂಬ ಸಂಶೋಧಕರು ಇಂಥ ಪಾಠಗಳ ಮೇಲೆ ನಡೆದಿದ್ದ 24 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಪಾಠವು ಏನನ್ನು ತೋರಿಸುತ್ತದೆ ಎಂಬುದಕ್ಕಿಂತ ವಿದ್ಯಾರ್ಥಿ ಅದರೊಡನೆ ಏನು ಮಾಡುತ್ತಾನೆ ಎಂಬುದೇ ಕಲಿಕೆಯನ್ನು ಹೆಚ್ಚು ನಿರ್ಧರಿಸುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಸುಮ್ಮನೆ ನೋಡಿದವರಿಗೆ ದೊಡ್ಡ ಲಾಭವೇನೂ ಕಾಣಲಿಲ್ಲ. ಮುಂದೇನಾಗುತ್ತದೆ ಎಂದು ಊಹಿಸಿದವರಿಗೆ, ತಾವೇ ಇನ್‌ಪುಟ್ ಕೊಟ್ಟು ಪರೀಕ್ಷಿಸಿದವರಿಗೆ ಲಾಭವಾಗಿತ್ತು.

"ಈಗಿನ ಮಕ್ಕಳು ದೃಶ್ಯದಿಂದಲೇ ಕಲಿಯುವವರು" ಎಂಬ ಮಾತನ್ನು ಇಲ್ಲಿಯೇ ಬದಿಗಿಡೋಣ. ಒಬ್ಬೊಬ್ಬರಿಗೆ ಒಂದೊಂದು ಕಲಿಕೆಯ ಶೈಲಿಯಿದೆ, ಅದಕ್ಕೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬ ನಂಬಿಕೆಗೆ ಸಾಕಷ್ಟು ಆಧಾರವಿಲ್ಲ ಎಂದು 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ನಡೆಸಿದ ವಿಸ್ತಾರವಾದ ವಿಮರ್ಶೆ ತೋರಿಸಿಕೊಟ್ಟಿದೆ. ಚಿತ್ರ ಬೇಕಾಗುವುದು ವಿಷಯದ ಸ್ವಭಾವಕ್ಕಾಗಿ. ವರ್ಚುಯಲ್ ಮೆಮೊರಿಯಲ್ಲಿ ಎರಡು ವಿಳಾಸ ಲೋಕಗಳಿವೆ, ನಡುವೆ ಒಂದು ಕೋಷ್ಟಕವಿದೆ, ಮತ್ತು ಆ ಕೋಷ್ಟಕ ಹೊತ್ತುಹೊತ್ತಿಗೆ ಬದಲಾಗುತ್ತದೆ. ಇವಿಷ್ಟನ್ನೂ ಬರೀ ಮಾತಿನಲ್ಲಿ ಹೇಳಿದರೆ ಕೇಳುವವರು ಎಲ್ಲವನ್ನೂ ತಲೆಯಲ್ಲಿ ಹೊತ್ತುಕೊಂಡೇ ಮುಂದೆ ಸಾಗಬೇಕಾಗುತ್ತದೆ. ಚಿತ್ರವು ಆ ಹೊರೆಯನ್ನು ಇಳಿಸುತ್ತದೆ. ಲೆಕ್ಕವನ್ನು ಮಾತ್ರ ವಿದ್ಯಾರ್ಥಿಯೇ ಮಾಡಬೇಕು.

ಆದ್ದರಿಂದ ಪಾಠದ ವಿನ್ಯಾಸವನ್ನು ವಿದ್ಯಾರ್ಥಿಯ ತಪ್ಪು ಉತ್ತರದಿಂದ ಶುರುಮಾಡಬೇಕು. ನಿಮ್ಮ ಬಳಿ 60 ಉತ್ತರಪತ್ರಿಕೆಗಳಿವೆ. ನೀವು ಅವನ್ನು ಸೋಲಿನ ಗುರುತೆಂದು ನೋಡುತ್ತಿದ್ದೀರಿ, ನನಗೆ ಅವೇ ಈ ಕೆಲಸದ ಬಂಡವಾಳವಾಗಿ ಕಾಣುತ್ತವೆ. ತಪ್ಪು ಉತ್ತರಗಳನ್ನು ಬೇರೆ ಮಾಡಿ, ಒಂದೇ ಬಗೆಯ ತಪ್ಪುಗಳನ್ನು ಒಟ್ಟಿಗೆ ಜೋಡಿಸಿಡಿ. ಈ ಅಧ್ಯಾಯದಲ್ಲಿ ನಾನು ಮತ್ತೆ ಮತ್ತೆ ಕಂಡಿರುವ ತಪ್ಪು ತಿಳಿವಳಿಕೆಗಳು ಬೆರಳೆಣಿಕೆಯಷ್ಟೇ: ಪ್ರೋಗ್ರಾಮ್‌ನ ಮೆಮೊರಿಯ ಒಂದು ತುಂಡಾದ ಪೇಜ್‌ನ ಸಂಖ್ಯೆಯೂ ಅದು ರ‍್ಯಾಮ್‌ನಲ್ಲಿ ಕೂರುವ ಜಾಗವಾದ ಫ್ರೇಮ್‌ನ ಸಂಖ್ಯೆಯೂ ಒಂದೇ ಎಂದುಕೊಳ್ಳುವುದು, ಫ್ರೇಮ್ ಬದಲಾದಂತೆ ಪೇಜ್‌ನೊಳಗಿನ ಸ್ಥಾನವಾದ ಆಫ್‌ಸೆಟ್ ಕೂಡ ಬದಲಾಗುತ್ತದೆ ಎಂದುಕೊಳ್ಳುವುದು, ಇಡೀ ಸಿಸ್ಟಮ್‌ಗೆ ಒಂದೇ ಪೇಜ್ ಟೇಬಲ್ ಇದೆ ಎಂದುಕೊಳ್ಳುವುದು, ಪೇಜ್ ಫಾಲ್ಟ್ ಎಂದರೆ ಪ್ರೋಗ್ರಾಮ್ ಕೆಟ್ಟುಹೋಯಿತು ಎಂದುಕೊಳ್ಳುವುದು. ಕೊನೆಯದಕ್ಕೆ ಹೆಸರೇ ಕಾರಣ. ಫಾಲ್ಟ್ ಎಂಬ ಮಾತನ್ನು ಕೇಳಿದವರು ದೋಷವೆಂದೇ ತಿಳಿಯುತ್ತಾರೆ. ಬೇಕಾದ ಪೇಜ್ ಸದ್ಯಕ್ಕೆ ರ‍್ಯಾಮ್‌ನಲ್ಲಿಲ್ಲ, ಅದನ್ನು ತಂದಿಟ್ಟು ಅದೇ ಸೂಚನೆಯನ್ನು ಮತ್ತೊಮ್ಮೆ ನಡೆಸು ಎಂದು ಹಾರ್ಡ್‌ವೇರ್ ಆಪರೇಟಿಂಗ್ ಸಿಸ್ಟಮ್‌ಗೆ ಕೊಡುವ ಸಾಮಾನ್ಯ ಕರೆಯದು ಎಂಬುದನ್ನು ಪಾಠವೇ ತೋರಿಸಿಕೊಡಬೇಕು. ಇಂಥ ಒಂದೊಂದು ತಪ್ಪು ತಿಳಿವಳಿಕೆಗೂ ಒಂದೊಂದು ಪರದೆ ಸಾಕು.

ಒಂದು ಪರದೆಯನ್ನು ಹತ್ತಿರದಿಂದ ವಿವರಿಸುತ್ತೇನೆ. ವಿಳಾಸ ಪರಿವರ್ತನೆಯನ್ನು ಬೈನರಿಯಲ್ಲಿ ಆರಂಭಿಸಬೇಡಿ. ಬಿಟ್‌ಗಳನ್ನು ಎಣಿಸುವ ಕಷ್ಟವೂ ಪರಿವರ್ತನೆಯ ಕಷ್ಟವೂ ಒಟ್ಟಿಗೆ ಬಂದರೆ ವಿದ್ಯಾರ್ಥಿ ಯಾವುದರಲ್ಲಿ ಎಡವಿದನೆಂದು ನಿಮಗೂ ತಿಳಿಯುವುದಿಲ್ಲ. ಒಂದು ಪೇಜ್‌ಗೆ 100 ಬೈಟ್ ಇರುವ ಕಲ್ಪಿತ ಯಂತ್ರವೊಂದನ್ನು ತೆಗೆದುಕೊಳ್ಳಿ. ಇಂಥ ಯಂತ್ರ ನಿಜದಲ್ಲಿ ಇಲ್ಲವೆಂದು ಮೊದಲೇ ಹೇಳಿಬಿಡಿ. ಎಡಗಡೆ ಪ್ರೋಗ್ರಾಮ್ ಕೇಳುತ್ತಿರುವ ವರ್ಚುಯಲ್ ವಿಳಾಸ 347. ನಡುವೆ ಪೇಜ್ ಟೇಬಲ್. ಅದರ 3ನೇ ಸಾಲಿನಲ್ಲಿ ಫ್ರೇಮ್ 5 ಎಂದಿದೆ. ಬಲಗಡೆ ರ‍್ಯಾಮ್. ಯಾವುದೂ ಚಲಿಸುತ್ತಿಲ್ಲ. ಕೆಳಗೆ ಒಂದು ಖಾಲಿ ಪೆಟ್ಟಿಗೆ ಮತ್ತು ಒಂದೇ ಪ್ರಶ್ನೆ: ರ‍್ಯಾಮ್‌ನ ಯಾವ ವಿಳಾಸಕ್ಕೆ ಹೋಗಬೇಕು? ವಿದ್ಯಾರ್ಥಿ ಒಂದು ಸಂಖ್ಯೆಯನ್ನು ಬರೆಯುವವರೆಗೆ ಪಾಠ ಮುಂದೆ ಹೋಗುವುದಿಲ್ಲ.

ಸರಿಯುತ್ತರ 547. ಆದರೆ ಪಾಠದ ಹೆಚ್ಚಿನ ಕೆಲಸ ಇರುವುದು ಉಳಿದ ಉತ್ತರಗಳಲ್ಲಿ. 347 ಎಂದು ಬರೆದವರು ಪೇಜ್ ಟೇಬಲ್ಲನ್ನು ನೋಡಿಯೇ ಇಲ್ಲ. 847 ಎಂದು ಬರೆದವರಿಗೆ ಫ್ರೇಮ್ 5 ಎಂಬುದು 500ರಿಂದ ಶುರುವಾಗುತ್ತದೆಂದು ಗೊತ್ತಿದೆ; ಪೇಜ್ ಸಂಖ್ಯೆಯನ್ನು ಬಿಟ್ಟು 47ನ್ನು ಮಾತ್ರ ಕೂಡಿಸಬೇಕಿತ್ತು, ಇಡೀ 347ನ್ನು ಕೂಡಿಸಿದ್ದಾರೆ. ಈ ಇಬ್ಬರಿಗೂ ಕೆಂಪು ಬಣ್ಣದಲ್ಲಿ "ತಪ್ಪು" ಎಂದು ಒಂದೇ ಸಂದೇಶ ತೋರಿಸಿದರೆ ಇಬ್ಬರೂ ಏನನ್ನೂ ಕಲಿಯುವುದಿಲ್ಲ. ನಾನು ಮಾಡುವುದೆಂದರೆ, ಅವರು ಬರೆದ ವಿಳಾಸಕ್ಕೇ ಅವರನ್ನು ಕರೆದೊಯ್ಯುವುದು. 847 ಎಂದು ಬರೆದಾಗ ಬಾಣವು ನಿಜವಾಗಿಯೂ 847ಕ್ಕೆ ಹೋಗುತ್ತದೆ; ಅದು 8ನೇ ಫ್ರೇಮ್, ಅಲ್ಲಿ ಬೇರೊಂದು ಪ್ರೋಗ್ರಾಮ್‌ನ ಪೇಜ್ ಇದೆ. ಬೇರೆಯವರ ಮನೆಯ ಬಾಗಿಲು ತಟ್ಟಿದೆವೆಂದು ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಮೆಮೊರಿ ರಕ್ಷಣೆ ಏಕೆ ಬೇಕು ಎಂಬ ಮುಂದಿನ ಪಾಠಕ್ಕೂ ಇದೇ ತಪ್ಪು ಪೀಠಿಕೆಯಾಗುತ್ತದೆ.

ಇಲ್ಲಿ ಕನ್ನಡ ನಿಮಗೆ ಒಂದು ಅನುಕೂಲವನ್ನು ಕೊಟ್ಟಿದೆ. ಪೇಜ್ ಎಂದರೆ ಪುಟ. ನೋಟ್‌ಬುಕ್ಕಿನ ಹಾಳೆಗಳು ಕಳಚಿಕೊಂಡು ಹಿಂದುಮುಂದಾದರೂ 3ನೇ ಪುಟದ 47ನೇ ಅಕ್ಷರ ಆ ಪುಟದಲ್ಲಿ 47ನೆಯದಾಗಿಯೇ ಇರುತ್ತದೆ. ಬದಲಾಗುವುದು ಆ ಹಾಳೆ ಈಗ ಎಲ್ಲಿದೆ ಎಂಬುದು ಮಾತ್ರ. ಆಫ್‌ಸೆಟ್ ಏಕೆ ಬದಲಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನನಗೆ ಸಿಕ್ಕಿಲ್ಲ. ಆದರೆ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸಿ. ಬರೆದ ಪುಟವನ್ನು ಅಳಿಸಿ ಇನ್ನೊಂದನ್ನು ಅದೇ ಜಾಗಕ್ಕೆ ತರುವ ಮಾತು ಬಂದಾಗ ನೋಟ್‌ಬುಕ್ಕಿನ ಹೋಲಿಕೆ ದಾರಿ ತಪ್ಪಿಸುತ್ತದೆ.

ಇಂಥ ನಾಲ್ಕೈದು ವಿಳಾಸಗಳು ಸರಾಗವಾದ ಮೇಲೆ ನಿಜವಾದ ಯಂತ್ರಕ್ಕೆ ಬನ್ನಿ. ಅಲ್ಲಿ ಪೇಜ್‌ನ ಸಾಮಾನ್ಯ ಗಾತ್ರ 4096 ಬೈಟ್. ಅದು 2ರ 12ನೇ ಘಾತ, ಜೊತೆಗೆ 16ರ 3ನೇ ಘಾತವೂ ಹೌದು. ಆದ್ದರಿಂದ ವಿಳಾಸವನ್ನು 16ರ ಆಧಾರದ ಹೆಕ್ಸಾಡೆಸಿಮಲ್‌ನಲ್ಲಿ ಬರೆದರೆ ಕೊನೆಯ ಮೂರು ಅಂಕಿಗಳೇ ಆಫ್‌ಸೆಟ್. 3472 ಎಂಬ ಹೆಕ್ಸ್ ವಿಳಾಸದಲ್ಲಿ ಪೇಜ್ 3, ಆಫ್‌ಸೆಟ್ 472. ಫ್ರೇಮ್ 5 ಆದರೆ ಭೌತಿಕ ವಿಳಾಸ 5472. ನೂರರ ಯಂತ್ರದಲ್ಲಿ ಕಲಿತ ಕಣ್ಣಳತೆಯೇ ಇಲ್ಲಿಯೂ ನಡೆಯುತ್ತದೆ. 32 ಬಿಟ್ ವಿಳಾಸದಲ್ಲಿ 20 ಬಿಟ್ ಪೇಜ್ ಸಂಖ್ಯೆಗೆ, 12 ಬಿಟ್ ಆಫ್‌ಸೆಟ್‌ಗೆ ಎಂಬ ಪಠ್ಯಪುಸ್ತಕದ ಸಾಲನ್ನು ಇದಾದ ಮೇಲೆ ತೋರಿಸಿ. ಆಗ ಅವರು ಅದನ್ನು ಉರುಹೊಡೆಯುವ ಬದಲು ಗುರುತಿಸುತ್ತಾರೆ.

ಚಲನೆ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ಮುಂದಿನ ಪ್ರಶ್ನೆ. ಅನಿಮೇಶನ್‌ನಲ್ಲಿ ಕಾಲಕ್ಕೆ ಅರ್ಥವಿದೆ. ಅದನ್ನು ಅಲಂಕಾರಕ್ಕೆ ಬಳಸಿದರೆ ವಿಷಯ ಸುಳ್ಳಾಗುತ್ತದೆ. ರ‍್ಯಾಮ್‌ನಿಂದ ಓದುವುದಕ್ಕೂ ಪೇಜ್ ಫಾಲ್ಟ್‌ಗೂ ಒಂದೇ ವೇಗದ ಬಾಣ ಹಾಕಿದ್ದೀರಾದರೆ, ಎರಡೂ ಹೆಚ್ಚುಕಡಿಮೆ ಒಂದೇ ಎಂದು ನಿಮ್ಮ ಪಾಠ ಹೇಳಿದಂತಾಯಿತು. ರ‍್ಯಾಮ್ ಓದಲು ಸುಮಾರು 100 ನ್ಯಾನೊಸೆಕೆಂಡ್ ಎಂದಿಟ್ಟುಕೊಂಡು ಅದನ್ನು ಒಂದು ಸೆಕೆಂಡಿಗೆ ಹಿಗ್ಗಿಸಿದರೆ, 100 ಮೈಕ್ರೊಸೆಕೆಂಡ್ ಹಿಡಿಯುವ ಎಸ್‌ಎಸ್‌ಡಿ ಓದು ಸುಮಾರು 17 ನಿಮಿಷವಾಗುತ್ತದೆ, 10 ಮಿಲಿಸೆಕೆಂಡ್ ಹಿಡಿಯುವ ಹಳೆಯ ಹಾರ್ಡ್‌ಡಿಸ್ಕ್ ಓದು 27 ಗಂಟೆಗೂ ಮೀರುತ್ತದೆ. ಅಷ್ಟು ಹೊತ್ತು ಯಾರನ್ನೂ ಕಾಯಿಸಲಾಗುವುದಿಲ್ಲ. ಆದರೆ ಪರದೆಯ ಮೂಲೆಯಲ್ಲಿ ಕಳೆದ ಸಮಯದ ಲೆಕ್ಕವಿಟ್ಟು, ಫಾಲ್ಟ್ ಆದಾಗ ಆ ಅಂಕಿ ಒಮ್ಮೆಲೇ ಜಿಗಿಯುವುದನ್ನು ತೋರಿಸಬಹುದು. ಫಾಲ್ಟ್‌ಗಳ ಸಂಖ್ಯೆಯನ್ನು ಕಡಿಮೆ ಮಾಡುವುದರ ಬಗ್ಗೆ ಪುಸ್ತಕಗಳು ಅಷ್ಟೇಕೆ ತಲೆ ಕೆಡಿಸಿಕೊಳ್ಳುತ್ತವೆ ಎಂಬ ಪ್ರಶ್ನೆ ಆ ಜಿಗಿತವನ್ನು ಕಂಡವರಿಗೆ ಉಳಿಯುವುದಿಲ್ಲ.

ಇನ್ನೊಂದು ಮಾತು: ಪ್ಲೇ ಬಟನ್‌ಗಿಂತ "ಹಿಂದೆ" ಎಂಬ ಬಟನ್ ಮುಖ್ಯ. ವಿದ್ಯಾರ್ಥಿಗೆ ಗೊಂದಲವಾಗುವುದು ಮುಂದಿನ ಹೆಜ್ಜೆ ಕಂಡ ಮೇಲೆ. ಆಗ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ಏನು ಬದಲಾಯಿತೆಂದು ಹೋಲಿಸಿ ನೋಡುವ ಅವಕಾಶ ಅವರಿಗಿರಬೇಕು. ಒಂದು ಪಾಠದಲ್ಲಿ ನಾನು ಇದನ್ನು ಬಿಟ್ಟಿದ್ದೆ. ಪರೀಕ್ಷಾರ್ಥವಾಗಿ ಕೂರಿಸಿದ್ದ ಹುಡುಗಿಯೊಬ್ಬಳು ಪ್ರತಿ ಬಾರಿಯೂ ಪುಟವನ್ನು ರಿಫ್ರೆಶ್ ಮಾಡಿ, ಮೊದಲಿನಿಂದ ಹದಿಮೂರು ಸಲ "ಮುಂದೆ" ಒತ್ತಿ ಅದೇ ಜಾಗಕ್ಕೆ ಬರುತ್ತಿದ್ದಳು. ಐದನೆಯ ಬಾರಿ ಅವಳು ಮೌಸ್ ಬಿಟ್ಟು, ಬ್ಯಾಗಿನಿಂದ ಪೆನ್ ತೆಗೆದು ಕಾಗದದ ಮೇಲೆ ಕೋಷ್ಟಕ ಬರೆದುಕೊಳ್ಳತೊಡಗಿದಳು. ಪರದೆಯ ಮೇಲೆ ಏನಿರಬೇಕಿತ್ತು ಎಂಬುದನ್ನು ಅವಳ ಆ ಹಾಳೆ ನನಗೆ ಕಲಿಸಿತು: ಈವರೆಗಿನ ಎಲ್ಲ ಸ್ಥಿತಿಗಳೂ ಪಕ್ಕಪಕ್ಕದಲ್ಲಿ, ಒಂದೇ ನೋಟಕ್ಕೆ ಸಿಗುವಂತೆ. ಫ್ರೇಮ್‌ಗಳು ತುಂಬಿದಾಗ ಯಾವ ಪೇಜನ್ನು ಹೊರಹಾಕಬೇಕೆಂದು ನಿರ್ಧರಿಸುವ ಪೇಜ್ ರಿಪ್ಲೇಸ್‌ಮೆಂಟ್ ಕಲಿಸುವಾಗ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆಯುವ ಆ ಹಳೆಯ ಚೌಕಳಿ ಕೋಷ್ಟಕ ನಿಮ್ಮ ಬಾಣಗಳಿಗಿಂತ ಹೆಚ್ಚು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಪೇಜ್ ರಿಪ್ಲೇಸ್‌ಮೆಂಟ್‌ಗೆ ಬಂದಾಗ ಊಹೆಯನ್ನು ತಲೆಕೆಳಗು ಮಾಡುವ ಒಂದು ಉದಾಹರಣೆ ನಿಮ್ಮ ಕೈಯಲ್ಲಿದೆ. ಅದನ್ನು ವ್ಯರ್ಥ ಮಾಡಬೇಡಿ. 1, 2, 3, 4, 1, 2, 5, 1, 2, 3, 4, 5 ಎಂಬ ಕ್ರಮದಲ್ಲಿ ಪೇಜ್‌ಗಳನ್ನು ಕೇಳುವ ಸರಣಿಯನ್ನು, ಮೊದಲು ಬಂದ ಪೇಜನ್ನೇ ಮೊದಲು ಹೊರಹಾಕುವ ಫಿಫೊ ವಿಧಾನದಲ್ಲಿ 3 ಫ್ರೇಮ್‌ಗಳಿಟ್ಟು ನಡೆಸಿದರೆ 9 ಫಾಲ್ಟ್. ಈಗ ಫ್ರೇಮ್‌ಗಳನ್ನು 4ಕ್ಕೆ ಏರಿಸಿದರೆ ಎಷ್ಟಾಗಬಹುದೆಂದು ಕೇಳಿ, ಉತ್ತರ ಬರೆದ ಮೇಲಷ್ಟೇ ನಡೆಸಿ. ಮೆಮೊರಿ ಹೆಚ್ಚಾಯಿತು, ಫಾಲ್ಟ್ ಕಡಿಮೆಯಾಗಬೇಕು ಎಂದು ಹೆಚ್ಚುಕಡಿಮೆ ಎಲ್ಲರೂ ಬರೆಯುತ್ತಾರೆ. ಬರುವುದು 10. ಸಂಶೋಧಕ ಬೆಲಾಡಿ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದ ಈ ವಿಚಿತ್ರವನ್ನು ವಾಕ್ಯವಾಗಿ ಓದಿದವರು ಮರೆಯುತ್ತಾರೆ, ತಮ್ಮದೇ ಊಹೆ ಸುಳ್ಳಾಗಿ ಕಂಡವರು "ಅದು ಹೇಗೆ ಸಾರ್?" ಎಂದು ಕೇಳುತ್ತಾರೆ. ಆ ಪ್ರಶ್ನೆ ಹುಟ್ಟಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಹೊತ್ತಿನಿಂದ ಬಳಸದ ಪೇಜನ್ನು ಹೊರಹಾಕುವ ಎಲ್‌ಆರ್‌ಯು ವಿಧಾನದಲ್ಲಿ ಅದೇ ಸರಣಿಗೆ 10 ಮತ್ತು 8 ಬರುವುದನ್ನು ತೋರಿಸಿ, ಈ ವಿಚಿತ್ರ ಅಲ್ಲಿ ಏಕೆ ಸಾಧ್ಯವಿಲ್ಲ ಎಂಬ ಚರ್ಚೆಯನ್ನು ತರಗತಿಗೆ ಬಿಡಿ.

ಇದೇ ಅಂಕಿಗಳು ನಿಮ್ಮ ಎಐ ಪ್ರಶ್ನೆಗೂ ಉತ್ತರವಾಗುತ್ತವೆ. ಎಐ ನೆರವಿನಿಂದ ಕೋಡ್ ಬರೆಸುವುದರಲ್ಲಿ ತಪ್ಪಿಲ್ಲ. ಪ್ರೋಗ್ರಾಮಿಂಗ್ ಸಾಧಾರಣವಾಗಿ ಬರುವವರಿಗೆ ಅದು ದೊಡ್ಡ ಊರುಗೋಲು. ಅಪಾಯವೆಂದರೆ, ಪರದೆ ಚೆನ್ನಾಗಿ ಕಾಣುತ್ತದೆ, ಬಾಣಗಳು ಚಲಿಸುತ್ತವೆ, ಒಳಗಿನ ನಿಯಮ ಮಾತ್ರ ತಪ್ಪಿರುತ್ತದೆ. ನಾನು ಕಂಡ ಒಂದು ತಪ್ಪು ಹೀಗಿತ್ತು: ಫಿಫೊ ಎಂದು ಬರೆದ ಕೋಡ್‌ನಲ್ಲಿ, ಆಗಲೇ ಮೆಮೊರಿಯಲ್ಲಿರುವ ಪೇಜನ್ನು ಮತ್ತೆ ಕೇಳಿದಾಗ ಅದನ್ನು ಸರದಿಯ ಕೊನೆಗೆ ಸರಿಸಲಾಗಿತ್ತು. ಹಾಗೆ ಸರಿಸಿದರೆ ಅದು ಎಲ್‌ಆರ್‌ಯು ಆಗುತ್ತದೆ. ಮೇಲಿನ ಸರಣಿ ಕೊಟ್ಟರೆ 9 ಮತ್ತು 10 ಬರಬೇಕಾದ ಕಡೆ 10 ಮತ್ತು 8 ಬಂದು ತಪ್ಪು ಒಡನೆಯೇ ಬಯಲಾಗುತ್ತದೆ. ಆದ್ದರಿಂದ ಮೊದಲು ಚಿತ್ರವಿಲ್ಲದೆ ಲೆಕ್ಕದ ಭಾಗವನ್ನು ಮಾತ್ರ ಬರೆಸಿ, ಕೈಯಲ್ಲಿ ಬಿಡಿಸಿದ ಐದಾರು ಉದಾಹರಣೆಗಳೊಡನೆ ತಾಳೆ ನೋಡಿ, ಆಮೇಲೆ ಚಿತ್ರವನ್ನು ಅದರ ಮೇಲೆ ಕೂರಿಸಿ. ಪ್ರತಿ ಹೆಜ್ಜೆಯ ಸ್ಥಿತಿಯನ್ನೂ ಒಂದು ಪಟ್ಟಿಯಲ್ಲಿ ಉಳಿಸಿಟ್ಟುಕೊಂಡರೆ "ಹಿಂದೆ" ಬಟನ್‌ಗೆ ಪ್ರತ್ಯೇಕ ಶ್ರಮ ಬೇಕಾಗುವುದಿಲ್ಲ.

ಸಾಧನದ ಆಯ್ಕೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಗೇಮ್ ಎಂಜಿನ್ ಮತ್ತು 3ಡಿ ಈ ವಿಷಯಕ್ಕೆ ಬೇಡ. ಪೇಜ್ ಟೇಬಲ್ ಎಂಬುದು ಕೋಷ್ಟಕ. ಅದಕ್ಕೆ ಮೂರನೆಯ ಆಯಾಮವಿಲ್ಲ. ಇಲ್ಲದ ಆಯಾಮ ಸೇರಿಸಿದರೆ ವಿದ್ಯಾರ್ಥಿಯ ಗಮನ ಕ್ಯಾಮೆರಾ ತಿರುಗಿಸುವುದರಲ್ಲಿ ಕಳೆಯುತ್ತದೆ, ಕಡಿಮೆ ಬೆಲೆಯ ಫೋನ್‌ಗಳಲ್ಲಿ ಪಾಠ ತೆರೆಯುವುದೇ ಕಷ್ಟವಾಗುತ್ತದೆ. ಈಗಿರುವ ವಿಡಿಯೊವನ್ನೇ ಉಳಿಸಿಕೊಂಡು, ನಡುನಡುವೆ ನಿಲ್ಲಿಸಿ ಪ್ರಶ್ನೆ ಕೇಳುವುದು ಅತ್ಯಂತ ಅಗ್ಗದ ದಾರಿ. ಆದರೆ ವಿದ್ಯಾರ್ಥಿಗೆ ತನ್ನದೇ ವಿಳಾಸ ಕೊಟ್ಟು ನೋಡುವ ಅವಕಾಶ ಅದರಲ್ಲಿ ಸಿಗುವುದಿಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಪೇಜ್ ಟೇಬಲ್ ಕಟ್ಟಿ, ವಿಳಾಸ ಬದಲಿಸಿದಾಗ ಉತ್ತರ ಬದಲಾಗುವಂತೆ ಮಾಡುವುದು ನಡುವಿನ ದಾರಿ. ನೋಡಲು ಸಪ್ಪೆ, ಆದರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ. ಬಹುಕಾಲ ಉಳಿಯಬೇಕಾದರೆ ಎಚ್‌ಟಿಎಂಎಲ್, ಬ್ರೌಸರ್‌ನಲ್ಲಿ ಚಿತ್ರ ಬರೆಯುವ ಎಸ್‌ವಿಜಿ ಮತ್ತು ಸರಳ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಒಂದೇ ಪುಟ ಸಾಕು. 1990ರ ದಶಕದಲ್ಲಿ ಜಾವಾ ಆಪ್ಲೆಟ್‌ಗಳಾಗಿ, ಆಮೇಲೆ ಫ್ಲ್ಯಾಶ್‌ನಲ್ಲಿ ಕಟ್ಟಿದ ಎಷ್ಟೋ ಒಳ್ಳೆಯ ಪಾಠಗಳು ಇಂದು ತೆರೆಯುವುದೇ ಇಲ್ಲ. ಬ್ರೌಸರ್‌ಗಳು ಆಪ್ಲೆಟ್‌ಗಳನ್ನು ಕೈಬಿಟ್ಟವು, ಫ್ಲ್ಯಾಶ್‌ಗೆ ಬೆಂಬಲ 2020ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಅಧ್ಯಾಪಕರು ವರ್ಷಗಟ್ಟಲೆ ದುಡಿದ ಕೆಲಸ ಹೀಗೆ ಮಾಯವಾದದ್ದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಭಾಷೆಯ ವಿಚಾರದಲ್ಲಿ ಹಿಂಜರಿಯಬೇಡಿ: ವಿವರಣೆ, ಪ್ರಶ್ನೆ ಮತ್ತು ತಪ್ಪು ಉತ್ತರಕ್ಕೆ ಕೊಡುವ ಪ್ರತಿಕ್ರಿಯೆ ಕನ್ನಡದಲ್ಲಿರಲಿ, ಫ್ರೇಮ್, ಆಫ್‌ಸೆಟ್, ಪೇಜ್ ಫಾಲ್ಟ್ ಎಂಬ ಪಾರಿಭಾಷಿಕ ಪದಗಳು ಹಾಗೆಯೇ ಇರಲಿ. ಪರೀಕ್ಷೆಯಲ್ಲಿಯೂ ಸಂದರ್ಶನದಲ್ಲಿಯೂ ಅವರಿಗೆ ಬೇಕಾಗುವುದು ಆ ಪದಗಳೇ. ಅವಕ್ಕೆ ಹೊಸ ಕನ್ನಡ ಪದ ಕಟ್ಟಿ ಕೊಟ್ಟರೆ ಕಲಿಯಬೇಕಾದ ಪದಗಳು ಎರಡು ಪಟ್ಟಾಗುತ್ತವೆ. ತಾಂತ್ರಿಕವಾಗಿ ಎರಡು ಕಡೆ ಎಚ್ಚರವಿರಲಿ. ಇಂಗ್ಲಿಷ್ ಅಕ್ಷರಗಳ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ. ಸಾಲುಗಳ ನಡುವೆ ಹೆಚ್ಚು ಜಾಗ ಬಿಡಿ. ಒಂದೊಂದೇ ಅಕ್ಷರ ಮೂಡಿಬರುವ ಟೈಪಿಂಗ್ ಪರಿಣಾಮವನ್ನು ಹಾಕಲೇಬೇಡಿ. ಪ್ರೋಗ್ರಾಮ್ ಅಕ್ಷರವೆಂದು ಎಣಿಸುವುದು ಬೇರೆ, ನಾವು ಓದುವ ಅಕ್ಷರ ಬೇರೆ. "ಸ್ತ್ರೀ" ಎಂಬ ಒಂದು ಅಕ್ಷರ ಅಲ್ಲಿ ಆರು ತುಂಡುಗಳಾಗಿ, ಅರ್ಧಂಬರ್ಧ ಆಕಾರಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗೆಯೇ ಪೇಜ್ ಮೆಮೊರಿಯಲ್ಲೇ ಸಿಕ್ಕ ಹಿಟ್‌ಗೆ ಹಸಿರು, ಫಾಲ್ಟ್‌ಗೆ ಕೆಂಪು ಎಂದು ಬಣ್ಣವನ್ನೇ ನೆಚ್ಚಿಕೊಳ್ಳಬೇಡಿ. ಆ ಎರಡು ಬಣ್ಣಗಳನ್ನು ಬೇರ್ಪಡಿಸಿ ನೋಡಲಾಗದ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿಯೂ ಇರಬಹುದು. ಪಕ್ಕದಲ್ಲಿ ಒಂದು ಪದವಿದ್ದರೆ ಸಾಕು.

ಇನ್ನು ನಿಮ್ಮ ಮೂರು ತಿಂಗಳ ಕೆಲಸ. ಅದು ವ್ಯರ್ಥವಾಗಿಲ್ಲ, ಆದರೆ ಈಗಿರುವ ರೂಪದಲ್ಲಿ ಉಳಿಯಬೇಕಾಗಿಯೂ ಇಲ್ಲ. 12 ನಿಮಿಷಗಳಲ್ಲಿ ವಿಳಾಸ ಪರಿವರ್ತನೆಯ ಭಾಗವನ್ನಷ್ಟೇ ಕತ್ತರಿಸಿಕೊಳ್ಳಿ. ಮಿಕ್ಕದ್ದನ್ನು ಸದ್ಯಕ್ಕೆ ಪಕ್ಕಕ್ಕಿಡಿ. 347ರ ಪರದೆಯನ್ನು ಮೊದಲು ಕಾಗದದ ಮೇಲೆ ಬರೆದು, ಕಳೆದ ಬಾರಿ ತಪ್ಪು ಬರೆದವರಲ್ಲಿ ಐದು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಯೋಚಿಸುತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತಾ ಬಿಡಿಸಲು ತಿಳಿಸಿ. ನೀವು ಬಾಯಿಬಿಡಬಾರದು, ಅಧ್ಯಾಪಕರಿಗೆ ಈ ಕೆಲಸದಲ್ಲಿ ಅತ್ಯಂತ ಕಷ್ಟವಾಗುವುದು ಇದೇ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ಕಾಗದವನ್ನು ತಿದ್ದಿ, ಐದನೆಯವರ ಹೊತ್ತಿಗೆ ತಿದ್ದುವುದು ನಿಂತರೆ ಕೋಡ್‌ಗೆ ಕೈಹಾಕಿ. ಪರದೆ ಸಿದ್ಧವಾದ ಮೇಲೆ ಪಾಠ ಮುಗಿದ ದಿನವೇ ಅಳೆಯಬೇಡಿ. ಒಂದು ವಾರ ಬಿಟ್ಟು, ಪರದೆಯಿಲ್ಲದೆ, ಬೇರೆ ಪೇಜ್ ಗಾತ್ರದ ಒಂದು ಲೆಕ್ಕ ಕೊಡಿ. ಈ ಸಲದ ಉತ್ತರಪತ್ರಿಕೆಗಳನ್ನೂ ಹಿಂದಿನಂತೆಯೇ ತಪ್ಪಿನ ಬಗೆಗನುಗುಣವಾಗಿ ಜೋಡಿಸಿ, ಎರಡು ಕಟ್ಟುಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 847ರ ಬಗೆಯ ತಪ್ಪು ಹೊಸ ಕಟ್ಟಿನಲ್ಲಿ ತೆಳುವಾಗಿದ್ದರೆ ಎರಡನೆಯ ಪರದೆಗೆ ಹೋಗಿ, ಹಾಗೆಯೇ ಇದ್ದರೆ ಮೊದಲನೆಯದಕ್ಕೇ ಮರಳಿ.